ಕಾಜಿರಂಗಕ್ಕೆ ಹೊರಡುವ ಮುಂಚೆ ಹುಲ್ಲಿನ ಎತ್ತರ ವಿಚಾರಿಸಿ

ಕಾಜಿರಂಗಕ್ಕೆ ಯಾವಾಗ ಹೋಗೋದು ಅಂತ ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ಹುಲ್ಲು ಸುಟ್ಟು, ಹೊಸ ಚಿಗುರು ಬಂದ ಮೇಲೆ ಹೋಗಿ.

ಘೇಂಡಾಮೃಗಗಳಿಗೆ ಹೆಸರಾದ ಅಸ್ಸಾಮಿನ ಈ ರಾಷ್ಟ್ರೀಯ ಉದ್ಯಾನ ಬ್ರಹ್ಮಪುತ್ರ ನದಿಯ ದಂಡೆಯ ತಗ್ಗು ಬಯಲು. ಮಳೆಗಾಲದಲ್ಲಿ ನೆರೆ ನುಗ್ಗುತ್ತದೆ, ಉದ್ಯಾನ ಮುಚ್ಚುತ್ತದೆ. ನೀರು ಇಳಿದಾಗ ಉಳಿಯುವ ಮೆಕ್ಕಲು ಮಣ್ಣಿನಲ್ಲಿ ಆನೆಹುಲ್ಲು ಆಳೆತ್ತರದ ಎರಡು ಪಟ್ಟು ಏಳುತ್ತದೆ. ನಾನು ಮೊದಲ ಸಲ ಹೋಗಿದ್ದು ನವೆಂಬರಿನಲ್ಲಿ. ರಸ್ತೆಯ ಎರಡೂ ಕಡೆ ಹುಲ್ಲಿನ ಗೋಡೆ. ಹತ್ತಡಿ ದೂರದಲ್ಲಿ ಏನೋ ಭಾರದ ಪ್ರಾಣಿ ನಡೆಯುವ ಸದ್ದು ಕೇಳಿಸಿತು, ಕಾಣಿಸಲಿಲ್ಲ.

ಚಳಿಗಾಲದ ಕೊನೆಗೆ, ಜನವರಿ–ಫೆಬ್ರುವರಿ ಹೊತ್ತಿಗೆ, ಅರಣ್ಯ ಸಿಬ್ಬಂದಿಯೇ ಒಣಹುಲ್ಲಿಗೆ ಬೆಂಕಿ ಕೊಡುತ್ತಾರೆ. ಕೇಳಿದರೆ ಭಯವಾಗುತ್ತದೆ, ಅಲ್ವಾ? ಆದರೆ ನೆರೆ ಮತ್ತು ಬೆಂಕಿ ಎರಡೂ ನಿಂತರೆ ಬಯಲಿನಲ್ಲಿ ಪೊದೆ, ಮರ ಹಬ್ಬಿ ಹುಲ್ಲು ಹಿಂದೆ ಸರಿಯುತ್ತದೆ. ಸುಟ್ಟ ನೆಲದಲ್ಲಿ ಕೆಲವೇ ವಾರಗಳಲ್ಲಿ ಎಳೆ ಹಸಿರು ಬರುತ್ತದೆ, ಪ್ರಾಣಿಗಳು ಮೇಯಲು ಬಯಲಿಗೆ ಬರುತ್ತವೆ. ಹಾಗಾಗಿ ಫೆಬ್ರುವರಿ ಕೊನೆಯಿಂದ ಏಪ್ರಿಲ್ ಮಧ್ಯದವರೆಗೆ ಒಳ್ಳೆಯ ಕಾಲ. ಬುಕ್ ಮಾಡುವ ಮುಂಚೆ ಲಾಡ್ಜಿಗೆ ಫೋನ್ ಮಾಡಿ ಹುಲ್ಲು ಎಷ್ಟು ಎತ್ತರ ಇದೆ ಅಂತ ಕೇಳಿಬಿಡಿ.

ತಲುಪುವುದು ಕಷ್ಟವಲ್ಲ. ಬೆಂಗಳೂರಿನಿಂದ ಗುವಾಹಟಿಗೆ ವಿಮಾನ, ಅಲ್ಲಿಂದ ರಸ್ತೆಯಲ್ಲಿ ನಾಲ್ಕೈದು ಗಂಟೆ. ಜೋರ್ಹಾಟ್ ವಿಮಾನ ನಿಲ್ದಾಣ ಇನ್ನೂ ಹತ್ತಿರ. ಉಳಿಯಲು ಉದ್ಯಾನದ ಪಕ್ಕದ ಕೊಹೊರಾ ಊರು ಅನುಕೂಲ. ಗುರುತಿನ ಚೀಟಿ ಜೊತೆಗಿರಲಿ.

ಯಾವ ವಲಯ?

ಎರಡು ದಿನವಾದರೂ ಇಟ್ಟುಕೊಳ್ಳಿ. ಘೇಂಡಾಮೃಗ ಬೇಗ ಕಾಣಬೇಕು ಅಂದರೆ ಪಶ್ಚಿಮದ ಬಾಗೋರಿ. ಮಧ್ಯದ ಕೊಹೊರಾದಲ್ಲಿ ಜನ ಜಾಸ್ತಿ. ನನಗೆ ಇಷ್ಟ ಪೂರ್ವದ ಅಗೊರಾಟೊಲಿ. ಅಲ್ಲಿನ ಬೀಲ್‌ಗಳಲ್ಲಿ (ನದಿ ಬಿಟ್ಟುಹೋದ ಕೆರೆಗಳಿಗೆ ಅಸ್ಸಾಮಿಯವರ ಹೆಸರು ಅದು) ಹಕ್ಕಿಗಳ ಸಂತೆಯೇ ಇರುತ್ತದೆ. ನಮ್ಮ ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಯ ಬಳಗ ಅಲ್ಲೂ ಇದೆ. ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳೂ ಚಳಿಗಾಲದಲ್ಲಿ ಸಿಗುತ್ತವೆ. ಆನೆ ಸವಾರಿಯೂ ಇದೆ, ಆದರೆ ಜೀಪೇ ಸಾಕು ಅನ್ನುವವನು ನಾನು.

ಗಡಿಯಾರದ ವಿಷಯ ಮರೆಯಬೇಡಿ. ಅಲ್ಲಿ ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಫೆಬ್ರುವರಿಯಲ್ಲೂ ಐದೂಕಾಲರ ಸುಮಾರಿಗೆ. ಮಧ್ಯಾಹ್ನದ ಸಫಾರಿ ಒಂದೂವರೆ ಹೊತ್ತಿಗೇ ಶುರು. ಊಟ ಬೇಗ ಮುಗಿಸಿ. ಬೆಳಗಿನ ಜೀಪಿಗೆ ಸ್ವೆಟರ್ ಬೇಕೇಬೇಕು.

ಜೀಪಿನಲ್ಲಿ ಕೂತ ಮೇಲೆ

ಮೊದಲು ಲದ್ದಿಯ ಗುಡ್ಡೆ ಹುಡುಕಿ. ಘೇಂಡಾಮೃಗಗಳು ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಲದ್ದಿ ಹಾಕುತ್ತವೆ. ಹಳೆಯ ಗುಡ್ಡೆಯ ಮೇಲೆ ಗಿಡ ಮೊಳೆತಿರುತ್ತದೆ, ಅಂಚಿನಲ್ಲಿ ಹೊಸ ಉಂಡೆಗಳು ಒದ್ದೆಯಾಗಿ ಹೊಳೆಯುತ್ತಿರುತ್ತವೆ. ಹಾಗಿದ್ದರೆ ಪ್ರಾಣಿ ದೂರ ಹೋಗಿಲ್ಲ. ಹುಲ್ಲಿನ ಮೇಲೆ ಬೆಳ್ಳಕ್ಕಿ ಕೂತಂತೆ ಕಂಡರೆ ಬೈನಾಕ್ಯುಲರ್ ಎತ್ತಿ. ಅದು ಕೂತಿರುವುದು ಯಾವುದೋ ಬೆನ್ನಿನ ಮೇಲೆ ಇರಬಹುದು.

ಬೆನ್ನು ಸಿಕ್ಕಿತು ಅಂತ ಫೋಟೊಗೆ ಧಾವಂತ ಬೇಡ. ಡ್ರೈವರಿಗೆ ಎಂಜಿನ್ ಆಫ್ ಮಾಡಲು ಹೇಳಿ, ಸುಮ್ನೆ ಕೂತು ಕೇಳಿ. ಘೇಂಡಾಮೃಗ ಮೇಲ್ದುಟಿಯನ್ನು ಬೆರಳಿನಂತೆ ಸುತ್ತಿ ಹುಲ್ಲು ಕೀಳುವಾಗ ಬರುವ ಪರ್ ಪರ್ ಸದ್ದು, ನಡುವೆ ಒಂದು ದೊಡ್ಡ ಉಸಿರು. ಅದು ತಲೆ ಎತ್ತಿ ಕಿವಿ ನಿಮ್ಮತ್ತ ತಿರುಗಿಸಿತೋ, ಅಲ್ಲಾಡಬೇಡಿ. ಎರಡು ಟನ್ ತೂಗುವ ಪ್ರಾಣಿ ಓಡಲು ಶುರು ಮಾಡಿದರೆ ಜೀಪಿಗಿಂತ ನಿಧಾನವೇನಲ್ಲ.

ಕಾಡುಕೋಣ ಅಂದರೆ ನಮಗೆ ಕಾಟಿ. ಇಲ್ಲಿ ಕೆಸರಲ್ಲಿ ಮುಳುಗಿರುವುದು ಬೇರೆ, ನಮ್ಮ ಮನೆ ಎಮ್ಮೆಯ ಕಾಡು ಮೂಲ. ಅಗಲವಾಗಿ ಚಾಚಿದ ಆ ಕೊಂಬು ನೋಡಿಯೇ ತಿಳಿಯಬೇಕು. ಜೌಗಿನ ಬಾರಾಸಿಂಗ ಜಿಂಕೆಗಳಿಗೂ ಸಮಯ ಕೊಡಿ. ಹುಲಿ ಇದೆ ಅಂತ ಸುದ್ದಿ ಬಂದ ಕೂಡಲೇ ಜೀಪ್ ಓಡಿಸಿದರೆ ಇವೆಲ್ಲ ಕೈತಪ್ಪುತ್ತವೆ.

ವಾಪಸ್ ಬರುವಾಗ ಹೆದ್ದಾರಿಯಲ್ಲಿ ನಿಮ್ಮ ಟ್ಯಾಕ್ಸಿಯವರಿಗೆ ನಿಧಾನ ಹೋಗಲು ಹೇಳಿ. ನೆರೆ ಬಂದಾಗ ಪ್ರಾಣಿಗಳು ಕಾರ್ಬಿ ಆಂಗ್ಲಾಂಗ್ ಬೆಟ್ಟ ಹತ್ತುವುದು ಆ ರಸ್ತೆ ದಾಟಿಯೇ. ಒಣ ದಿನಗಳಲ್ಲೂ ರಾತ್ರಿ ಒಂದು ಜಿಂಕೆ ಅಡ್ಡ ಬರಬಹುದು.