ಸ್ಟೇಜ್ ಮೇಲೆ ಟ್ಯಾಬ್ ಇಟ್ಟು ಹಾಡುವವರಿಗೆ

ನಾನು ಮಂಗಳೂರಿನಲ್ಲಿ ಕೀಬೋರ್ಡ್ ನುಡಿಸುತ್ತೇನೆ. ಮದುವೆ ಆರ್ಕೆಸ್ಟ್ರಾ, ಭಜನೆ, ಕ್ರೈಸ್ತರ ಮದುವೆಯ ಹಿಂದಿನ ದಿನ ತೆಂಗಿನ ಹಾಲು ಹಚ್ಚುವ ರೋಸ್ ಶಾಸ್ತ್ರ, ಚರ್ಚಿನ ಗಾಯನ, ಹೀಗೆ ಕರೆದಲ್ಲಿಗೆ ಹೋಗುತ್ತೇನೆ. ಒಂದೇ ಸಂಜೆಗೆ ಕನ್ನಡ, ತುಳು, ಕೊಂಕಣಿ, ಹಿಂದಿ ನಾಲ್ಕೂ ಬೇಕಾಗುತ್ತವೆ. ಮೊದಲೆಲ್ಲ ಎರಡು ದಪ್ಪ ಫೈಲು ಹೊತ್ತುಕೊಂಡು ಹೋಗುತ್ತಿದ್ದೆ. ಪಣಂಬೂರು ಬೀಚಿನಲ್ಲಿ ಒಂದು ಸಂಜೆ ಕಡಲ ಗಾಳಿಗೆ ಹಾಳೆ ಕ್ಲಿಪ್ ಸಮೇತ ಹಾರಿತು. ಹಾಡುತ್ತಿದ್ದ ಹುಡುಗಿ ಎರಡನೇ ಚರಣಕ್ಕೆ ಬಾಯಿ ತೆರೆದವಳು ಹಾಗೇ ನಿಂತಳು. ಆ ವಾರವೇ ಟ್ಯಾಬ್ ತೆಗೆದುಕೊಂಡೆ.

ಒಂದು ಮಾತು ಮೊದಲೇ ಹೇಳುತ್ತೇನೆ. ಸ್ಟೇಜ್ ಮೇಲೆ ಟ್ಯಾಬ್ ಮುಟ್ಟುವ ಪ್ರಸಂಗವೇ ಬರಬಾರದು. ಅದರ ಕೆಲಸವೆಲ್ಲ ಮನೆಯಲ್ಲೇ ಮುಗಿಯಬೇಕು.

ಸಾಹಿತ್ಯ ಮಾತ್ರ ಓದುವವರಿಗೆ 10 ಇಂಚಿನ ಟ್ಯಾಬ್ ಸಾಕು. ಸ್ಟಾಫ್ ನೊಟೇಶನ್ (ಐದು ಗೆರೆಗಳ ಸ್ವರಲಿಪಿ) ಓದುವವರಿಗೆ ಅದು ಚಿಕ್ಕದು, ಕಣ್ಣು ಸೋಲುತ್ತದೆ. ಹತ್ತಿರ ಹತ್ತಿರ 13 ಇಂಚಿನದು ಎ4 ಹಾಳೆಗೆ ಸಮೀಪ ಬರುತ್ತದೆ. ಐಪ್ಯಾಡ್ ಇದ್ದರೆ ಫೋರ್‌ಸ್ಕೋರ್, ಆಂಡ್ರಾಯ್ಡ್ ಆದರೆ ಮೊಬೈಲ್‌ಶೀಟ್ಸ್. ಎರಡೂ ಹಾಡಿನ ಹಾಳೆ ತೋರಿಸುವ ಆ್ಯಪ್‌ಗಳು, ಪಿಡಿಎಫ್ ತೆರೆಯುತ್ತವೆ, ಕಾರ್ಯಕ್ರಮದ ಪಟ್ಟಿಯಂತೆ ಹಾಡು ಜೋಡಿಸಿಕೊಡುತ್ತವೆ.

ನಮಗೆ ಕನ್ನಡದವರಿಗೆ ಒಂದು ತೊಡಕಿದೆ. ಹಳೆಯ ಸಾಹಿತ್ಯವೆಲ್ಲ ಕಂಪ್ಯೂಟರಿನಲ್ಲಿ ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆ ಫಾಂಟುಗಳಲ್ಲಿದೆ. ಅದನ್ನು ಹಾಗೇ ಟ್ಯಾಬಿಗೆ ಹಾಕಿದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆ ಫಾಂಟ್ ಇರುವ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿಕೊಳ್ಳಿ, ಇಲ್ಲವೇ ಯೂನಿಕೋಡಿಗೆ ಬದಲಿಸಿ. ಬದಲಿಸಿದ ಮೇಲೆ ಒಂದೊಂದೇ ಸಾಲು ಓದಿ ನೋಡಿ. ಅರ್ಕಾವತ್ತು ಮತ್ತು ಒತ್ತಕ್ಷರಗಳಲ್ಲಿ ತಪ್ಪು ಜಾಸ್ತಿ.

ಸಾಲುಗಳ ನಡುವಿನ ಜಾಗಕ್ಕೆ ನಾನು ತುಂಬಾ ಗಮನ ಕೊಡುತ್ತೇನೆ. ಸಾಹಿತ್ಯದ ಮೇಲೆ, ಒಟ್ಟಿಗೆ ನುಡಿಸುವ ಸ್ವರಗಳನ್ನು ಸಿ, ಜಿ ಎಂದು ಗುರುತಿಸುವ ಗಿಟಾರ್ ಕಾರ್ಡ್‌ಗಳನ್ನು ಬರೆಯುತ್ತೇವೆ, ಅಲ್ವಾ? ಮೇಲಿನ ಸಾಲಿನಲ್ಲಿ ‘ಕೃಷ್ಣ’ ಎಂದಿದ್ದರೆ ಷಕಾರದ ಕೆಳಗಿನ ಣಕಾರದ ಒತ್ತು ಇಳಿದು ಬಂದು ಕೆಳಗಿನ ಕಾರ್ಡ್ ಅಕ್ಷರಕ್ಕೆ ತಾಗುತ್ತದೆ. ಮಂದ ಬೆಳಕಿನಲ್ಲಿ ಎರಡೂ ಸೇರಿ ಒಂದೇ ಕಲೆಯಂತೆ ಕಾಣುತ್ತವೆ. ಹಾಗಾಗಿ ಸಾಲಿನ ಅಂತರ ಒಂದೂವರೆಯಿಂದ ಎರಡರಷ್ಟು ಇಡಿ. ಕಾರ್ಡ್‌ಗೆ ಬೇರೆ ಬಣ್ಣ ಕೊಡಿ.

ಹಾಡನ್ನು ಕಾರ್ಡ್‌ಪ್ರೋ ರೀತಿಯಲ್ಲಿ, ಅಂದರೆ ಸಾಹಿತ್ಯದ ನಡುವೆಯೇ ಚೌಕ ಆವರಣದಲ್ಲಿ ಕಾರ್ಡ್ ಹಾಕಿ, ಟೈಪ್ ಮಾಡಿಟ್ಟರೆ ಇನ್ನೂ ಒಳ್ಳೆಯದು. “ಅಣ್ಣ, ಇವತ್ತು ಗಂಟಲು ಸರಿ ಇಲ್ಲ, ಅರ್ಧ ಶ್ರುತಿ ಇಳಿಸಿ” ಎಂದು ಗಾಯಕಿ ಕೊನೆ ಗಳಿಗೆಯಲ್ಲಿ ಹೇಳುವುದುಂಟು. ನನಗೆ ಕೀಬೋರ್ಡಿನಲ್ಲಿ ಬಟನ್ ಇದೆ. ಗಿಟಾರಿನವನ ಟ್ಯಾಬಿನಲ್ಲಿ ಸಿ, ಎಫ್, ಜಿ ಇದ್ದದ್ದು ಬಿ, ಇ, ಎಫ್ ಶಾರ್ಪ್ ಆಗಬೇಕು. ಮೊಬೈಲ್‌ಶೀಟ್ಸ್‌ನಂತೆ ಕಾರ್ಡ್‌ಪ್ರೋ ಓದುವ ಆ್ಯಪ್ ಅದನ್ನು ತಾನೇ ಮಾಡಿಕೊಡುತ್ತದೆ.

ಫೈಲಿಗೆ ಹೆಸರಿಡುವಾಗ ಮುಂದೆ ಭಾಷೆಯ ಅಕ್ಷರ ಹಾಕಿ: ತು, ಕೊಂ, ಕ, ಹಿಂ. ಜನ ಹಾಡು ಕೇಳಿದ ಕೂಡಲೇ ಸಿಗುತ್ತದೆ. ಕೊಂಕಣಿ ನಾವು ಕನ್ನಡ ಲಿಪಿಯಲ್ಲೇ ಓದುತ್ತೇವೆ. ಗೋವಾದಿಂದ ಗಾಯಕರು ಬರುವುದಿದ್ದರೆ ಅದೇ ಹಾಡಿನ ರೋಮನ್ ಲಿಪಿಯ ಪುಟವನ್ನೂ ಮಾಡಿಡಿ.

ಈಗ ಪುಟ ತಿರುಗಿಸುವುದು. ನಮ್ಮ ಸೆಕೆಯಲ್ಲಿ ಬೆರಳು ಬೆವರಿರುತ್ತದೆ. ಒದ್ದೆ ಬೆರಳನ್ನು ಪರದೆ ಸರಿಯಾಗಿ ಗುರುತಿಸುವುದಿಲ್ಲ. ಒಮ್ಮೆ ಏನೂ ಆಗುವುದಿಲ್ಲ, ಮತ್ತೊಮ್ಮೆ ಎರಡು ಪುಟ ಹಾರುತ್ತದೆ. ಕಾಲಿನಿಂದ ಪುಟ ತಿರುಗಿಸುವ ಬ್ಲೂಟೂತ್ ಪೆಡಲ್‌ಗೆ ದುಡ್ಡು ಹಾಕಿ, ಖಂಡಿತ ಬೇಸರವಾಗುವುದಿಲ್ಲ. ನನ್ನ ಬಲಗಾಲು ಕೀಬೋರ್ಡಿನ ಸ್ವರ ಎಳೆದು ಹಿಡಿಯುವ ಸಸ್ಟೇನ್ ಪೆಡಲ್ ಮೇಲಿರುತ್ತದೆ, ಹಾಗಾಗಿ ಪುಟದ ಪೆಡಲ್ ಎಡಗಾಲಿಗೆ. ಕೆಳಗೆ ಗಟ್ಟಿ ಟೇಪ್ ಹಚ್ಚುತ್ತೇನೆ, ಇಲ್ಲದಿದ್ದರೆ ಸ್ಟೇಜಿನ ಕಾರ್ಪೆಟ್ ಮೇಲೆ ಜಾರುತ್ತಾ ಹೋಗುತ್ತದೆ. ಆದಷ್ಟು ಒಂದು ಹಾಡು ಒಂದೇ ಪುಟದಲ್ಲಿ ಮುಗಿಯಲಿ. ಆಗದಿದ್ದರೆ ಪಲ್ಲವಿ ಮುಗಿದು ಬಿಜಿಎಂ (ವಾದ್ಯ ಮಾತ್ರ ನುಡಿಯುವ ಭಾಗ) ಶುರುವಾಗುವಲ್ಲಿ ಪುಟ ಒಡೆಯಿರಿ. ಕಾಲಿಗೆ ಅಷ್ಟು ಸಮಯ ಸಿಗುತ್ತದೆ.

ಉಡುಪಿಯ ಒಂದು ಮದುವೆಯಲ್ಲಿ ನಿಧಾನದ ಹಾಡಿನ ಮಧ್ಯೆ ನನ್ನ ಟ್ಯಾಬಿಗೆ ವಿಡಿಯೋ ಕರೆ ಬಂತು. ಸಾಹಿತ್ಯವೆಲ್ಲ ಮುಚ್ಚಿಹೋಯಿತು. ಅಂದಿನಿಂದ ಹೊರಡುವ ಮೊದಲೇ ಏರೋಪ್ಲೇನ್ ಮೋಡ್ ಹಾಕಿ, ಬ್ಲೂಟೂತ್ ಮಾತ್ರ ಆನ್ ಮಾಡುತ್ತೇನೆ. ಪರದೆ ತಾನಾಗಿ ಆರುವುದನ್ನು, ತಾನಾಗಿ ಬೆಳಕು ಬದಲಿಸುವುದನ್ನು ಎರಡನ್ನೂ ನಿಲ್ಲಿಸಿ. ರಾತ್ರಿ ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಒಳ್ಳೆಯದು. ಮುಖಕ್ಕೆ ಕೆಳಗಿನಿಂದ ಬೆಳಕು ಹೊಡೆಯುವುದಿಲ್ಲ, ಹೊರಗಿನ ಸ್ಟೇಜ್ ಆದರೆ ಹುಳಗಳೂ ಕಡಿಮೆ.

ಬಿಸಿಲಿಗೆ ಮಾತ್ರ ಎಚ್ಚರ. ಐಪ್ಯಾಡ್ ಬಳಸಲು 35 ಡಿಗ್ರಿ ಮೀರಬಾರದು ಎನ್ನುತ್ತದೆ ಆಪಲ್. ಏಪ್ರಿಲ್‌ನಲ್ಲಿ ರೋಸ್‌ಗೆ ನಾಲ್ಕು ಗಂಟೆಗೇ ಅಂಗಳದಲ್ಲಿ ಸೆಟಪ್ ಮಾಡುತ್ತೇವೆ. ಆಗ ಟ್ಯಾಬ್ ಒಳಗೆ ಫ್ಯಾನಿನ ಕೆಳಗಿರಲಿ. ನಿಲ್ಲಿಸಿದ ಕಾರಿನಲ್ಲಿ ಬಿಡಲೇಬೇಡಿ. ಸ್ಟ್ಯಾಂಡಿನ ಹಿಂದೆ ಪವರ್ ಬ್ಯಾಂಕ್ ಕಟ್ಟಿ, ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಇಡಿ. ಅದೇ ಪಿಡಿಎಫ್‌ಗಳು ಫೋನಿನಲ್ಲೂ ಇರಲಿ.

ಸೌಂಡ್ ಚೆಕ್ ಹೊತ್ತಿಗೆ ಗಾಯಕರು ನಿಲ್ಲುವ ಜಾಗದಲ್ಲಿ ನಿಂತು, ಲೈಟ್ ಹಾಕಿಸಿ ಓದಿ ನೋಡಿ. ಪರದೆ ಎದೆಯಿಂದ ಕೆಳಗಿರಲಿ, ಸ್ವಲ್ಪ ಓರೆಯಾಗಿರಲಿ. ಗಾಯಕರ ಮುಖ ಜನರಿಗೆ ಕಾಣಬೇಕು, ಅವರು ದುಡ್ಡು ಕೊಟ್ಟು ಕರೆಸಿದ್ದು ಅದಕ್ಕೇ.

ಕಾರ್ಯಕ್ರಮ ಮುಗಿದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ತಪ್ಪಿದ ಪದ, ಬದಲಾದ ಶ್ರುತಿ, ಪುಟ ಒಡೆದ ತಪ್ಪು ಜಾಗ ಎಲ್ಲವೂ ಆ ರಾತ್ರಿ ನೆನಪಿರುತ್ತದೆ, ಮರುದಿನ ಇರುವುದಿಲ್ಲ. ಉಡುಪಿಯಿಂದ ಬರುವಾಗ ನಾನು ವ್ಯಾನಿನಲ್ಲಿ ಡ್ರೈವರ್ ಪಕ್ಕ ಕೂತು ತಿದ್ದುತ್ತಾ ಬರುತ್ತೇನೆ. ಕೂಳೂರು ಸೇತುವೆ ಬರುವಷ್ಟರಲ್ಲಿ ಮುಗಿದಿರುತ್ತದೆ.