ಮಿಸ್ಸಿಂಗ್ ಇರುವ ಕಾರು: ಪ್ಲಗ್ ಬದಲಿಸಿದ ಮೇಲೂ ನಾನು ನೋಡುವುದು ಏನೇನು

ಪೆಟ್ರೋಲ್ ಕಾರು ಮಿಸ್ಸಿಂಗ್ (ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯದೆ ಇಂಜಿನ್ ಎಡವುವುದು) ಹೊಡೆಯುತ್ತಿದೆ, ಆದರೂ ಓಡುತ್ತಿದೆ, ಹೀಗೇ ಓಡಿಸಬಹುದಾ ಎಂದು ಫೋನ್ ಮಾಡುವವರಿಗೆ ನಾನು ಮೊದಲು ಕೇಳುವುದು ಚೆಕ್ ಇಂಜಿನ್ ಲೈಟ್ ಬಗ್ಗೆ. ಒಂದೇ ಸಮ ಉರಿಯುತ್ತಿದ್ದರೆ ಆಕ್ಸಿಲರೇಟರ್ ಹೆಚ್ಚು ತುಳಿಯದೆ ಹತ್ತಿರದ ಗ್ಯಾರೇಜಿಗೆ ತರಬಹುದು. ಮಿಣುಕುತ್ತಿದ್ದರೆ ಪಕ್ಕಕ್ಕೆ ಹಾಕಿ ಇಂಜಿನ್ ಆಫ್ ಮಾಡಿ, ಟೋ ಮಾಡಿಸಿ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ (ಕ್ಯಾಟ್) ಹಾಳಾಗುವಷ್ಟು ಮಿಸ್ಸಿಂಗ್ ಇದೆ ಎಂದು ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್, ಅಂದರೆ ಇಸಿಯು, ಲೆಕ್ಕ ಹಾಕಿದಾಗಲೇ ಆ ಲೈಟ್ ಮಿಣುಕುವುದು.

ಬೆಂಕಿ ಹತ್ತದ ಸಿಲಿಂಡರ್‌ನಿಂದ ಪೆಟ್ರೋಲು, ಗಾಳಿ ಎರಡೂ ಹಾಗೇ ಹೊರಬಿದ್ದು ಕ್ಯಾಟ್ ಒಳಗೆ ಉರಿಯುತ್ತವೆ. ಸಾಮಾನ್ಯವಾಗಿ 400ರಿಂದ 800 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಕ್ಯಾಟ್ 1,000 ಡಿಗ್ರಿ ದಾಟಬಹುದು. ಮೊದಲು ಪ್ಲಾಟಿನಂ, ಪಲ್ಲಾಡಿಯಂ ಲೇಪನ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿ ಇನ್ನೂ ಏರಿದರೆ ಒಳಗಿನ ಸೆರಾಮಿಕ್ ಜಾಲರಿ ಕರಗಿ ಹೊಗೆಯ ದಾರಿ ಕಟ್ಟಿಕೊಳ್ಳುತ್ತದೆ. ಘಾಟಿ ಹತ್ತುವಾಗ ಪ್ರತಿ ಸುತ್ತಿಗೂ ಹೆಚ್ಚು ಪೆಟ್ರೋಲ್ ಹೋಗುವುದರಿಂದ ಇದು ಬೇಗ ಆಗುತ್ತದೆ.

ಹಲವರು ಗಮನಿಸದ ಇನ್ನೊಂದು ಸಂಗತಿ ಇದೆ. ಹೊಗೆ ಕ್ಯಾಟ್ ಸೇರುವ ಮೊದಲೇ ಸಿಗುವ ಮುಂದಿನ ಆಕ್ಸಿಜನ್ ಸೆನ್ಸರ್ ಅಳೆಯುವುದು ಪೆಟ್ರೋಲನ್ನಲ್ಲ, ಆಮ್ಲಜನಕವನ್ನು. ಉರಿಯದೆ ಬಂದ ಗಾಳಿ ಕಂಡು ಅದು ಮಿಶ್ರಣ ತೆಳುವಾಗಿದೆ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಎಂದು ಹೇಳುತ್ತದೆ. ಇಸಿಯು ಎಲ್ಲ ಸಿಲಿಂಡರ್‌ಗಳಿಗೂ ಪೆಟ್ರೋಲ್ ಹೆಚ್ಚಿಸುತ್ತದೆ. ಸರಿಯಾಗಿದ್ದ ಸಿಲಿಂಡರ್‌ಗಳ ಸ್ಪಾರ್ಕ್ ಪ್ಲಗ್ ಕೂಡ ಕಪ್ಪಾಗುವುದು ಹೀಗೆ. ದಾರಿಯಲ್ಲಿ ಕೆಟ್ಟ ಸಿಲಿಂಡರ್‌ನ ಇಂಜೆಕ್ಟರ್ ಕನೆಕ್ಟರ್ ಕಿತ್ತರೆ ಆ ಸಿಲಿಂಡರ್‌ನ ಪೆಟ್ರೋಲ್ ನಿಲ್ಲುತ್ತದೆ, ಆದರೆ ಗಾಳಿ ನಿಲ್ಲುವುದಿಲ್ಲ. ಆದ್ದರಿಂದ ಅದು ಹತ್ತಿರದ ಗ್ಯಾರೇಜ್ ತಲುಪುವಷ್ಟಕ್ಕೆ ಮಾತ್ರ.

ಉರಿಯದ ಪೆಟ್ರೋಲ್ ಸ್ವಲ್ಪ ಸಿಲಿಂಡರ್ ಗೋಡೆಯ ಆಯಿಲ್ ಪದರ ತೊಳೆದುಕೊಂಡು ಕೆಳಗೆ ಆಯಿಲ್ ಚೇಂಬರ್‌ಗೂ ಇಳಿಯುತ್ತದೆ. ಆಯಿಲ್ ತೆಳುವಾದರೆ ರಿಂಗ್, ಬೇರಿಂಗ್ ಸವೆಯುತ್ತವೆ. ಮೂರು ಸಿಲಿಂಡರ್ ಕಾರಿನಲ್ಲಿ ಒಂದು ನಿಂತರೆ ಮೂರನೇ ಒಂದು ಭಾಗ ಶಕ್ತಿಯೇ ಹೋದಂತೆ. ಆ ಅಲುಗಾಟವನ್ನು ಇಂಜಿನ್ ಮೌಂಟಿಂಗ್ ತಿನ್ನುತ್ತದೆ.

ಪತ್ತೆಗೆ ಸ್ಕ್ಯಾನರ್ ಹಾಕಿದಾಗ ಪಿ0303 ಎಂಬ ದೋಷದ ಕೋಡ್ ಬಂದರೆ ಮೂರನೇ ಸಿಲಿಂಡರ್ ಎಂದು ಅರ್ಥ. ಅದರ ಕಾಯಿಲ್ (ಪ್ಲಗ್‌ಗೆ ಕಿಡಿಯ ವೋಲ್ಟೇಜ್ ಕೊಡುವುದು) ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ ಹಾಕಿ ಕೋಡ್ ಅಳಿಸಿ ಓಡಿಸುತ್ತೇನೆ. ಪಿ0302 ಬಂದರೆ ಕಾಯಿಲ್ ಹೋಗಿದೆ. ಕೋಡ್ ಅಲ್ಲೇ ಉಳಿದರೆ ಪ್ಲಗ್ ಅದಲುಬದಲು, ಆಮೇಲೆ ಇಂಜೆಕ್ಟರ್. ಒಂದು ಸಲಕ್ಕೆ ಒಂದೇ ವಸ್ತು. ಪಿ0300 ಬಂದು ಯಾವ ಸಿಲಿಂಡರ್ ಎಂದು ತೋರಿಸದಿದ್ದರೆ ಇನ್‌ಟೇಕ್ ಗಾಳಿ ಸೋರಿಕೆ ಮತ್ತು ಫ್ಯೂಯಲ್ ಪ್ರೆಶರ್ ಮೊದಲು ನೋಡುತ್ತೇನೆ. ಇಂಜಿನ್ ಓಡುತ್ತಿರುವಾಗ ಕಾಯಿಲ್ ಎಳೆದು ನೋಡುವ ಪದ್ಧತಿ ಬಿಡಿ: ಶಾಕ್ ಹೊಡೆಯುತ್ತದೆ, ಹಸಿ ಪೆಟ್ರೋಲ್ ಕ್ಯಾಟ್‌ಗೆ ಹೋಗುತ್ತದೆ.

ಕಾಯಿಲ್ ತೆಗೆದಾಗ ಅದರ ರಬ್ಬರ್ ಬೂಟನ್ನು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಷ್ಟು ಸಣ್ಣ ಬಿಳಿ ಅಥವಾ ಬೂದು ಗೆರೆ ಕಂಡರೆ ಕಿಡಿ ಪ್ಲಗ್ ತುದಿಗೆ ಹೋಗದೆ ಅಲ್ಲಿಂದ ಹೊರಗೆ ಹಾರಿದೆ. ಬೂಟ್ ಊದಿ ಮೆತ್ತಗಾಗಿ ಪ್ಲಗ್ ಕೂರುವ ಗುಂಡಿಯಲ್ಲಿ ಆಯಿಲ್ ಇದ್ದರೆ ಟ್ಯಾಪೆಟ್ ಕವರ್ ಪ್ಯಾಕಿಂಗ್ ಸೋರುತ್ತಿದೆ. ಅದನ್ನು ಬದಲಿಸದೆ ಹೊಸ ಕಾಯಿಲ್ ಹಾಕಿದರೆ ಅದೂ ಉಳಿಯುವುದಿಲ್ಲ. ಮಳೆಗಾಲದಲ್ಲಿ, ಇಂಜಿನ್ ವಾಟರ್ ವಾಶ್ ಮಾಡಿಸಿದ ಮೇಲೆ, ಅದೇ ಗುಂಡಿಯಲ್ಲಿ ನೀರು ಸಿಗುತ್ತದೆ. ಪ್ಲಗ್ ಗ್ಯಾಪ್ ಫೀಲರ್ ಗೇಜಿನಿಂದ ಅಳೆಯಿರಿ, ಅದು ಸವೆದು ಅಗಲವಾದಷ್ಟೂ ಕಾಯಿಲ್ ಮೇಲೆ ಒತ್ತಡ ಹೆಚ್ಚು. ಸಿಎನ್‌ಜಿ ಗಾಡಿಯಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಆ ಗ್ಯಾಸ್ ಹತ್ತಿಕೊಳ್ಳಲು ಹೆಚ್ಚಿನ ವೋಲ್ಟೇಜ್ ಬೇಕು.

ಇದಾವುದೂ ಅಲ್ಲದಿದ್ದರೆ ಕಂಪ್ರೆಶನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ ನೋಡಬೇಕು. ಇಂಜೆಕ್ಟರ್, ಕಾಯಿಲ್ ಕನೆಕ್ಟರ್ ಎಲ್ಲ ಕಿತ್ತು, ಪ್ಲಗ್ ಎಲ್ಲ ತೆಗೆದು, ಪ್ಲಗ್ ತೂತಿಗೆ ಕಂಪ್ರೆಶನ್ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದು ಸೆಲ್ಫ್ ಹೊಡೆಯಬೇಕು. ಒಂದು ಸಿಲಿಂಡರ್ ಉಳಿದವುಗಳಿಗಿಂತ ಶೇ. 15ಕ್ಕೂ ಹೆಚ್ಚು ಕಡಿಮೆ ತೋರಿಸಿದರೆ ಅದರೊಳಗೆ ಒಂದು ಟೀ ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್.

ಮಿಸ್ಸಿಂಗ್ ನಿಂತ ಕೂಡಲೇ ಕೀ ಕೊಟ್ಟು ಕಳಿಸುವುದು ನನಗೆ ಒಪ್ಪಿಗೆಯಿಲ್ಲ. ಡಿಪ್‌ಸ್ಟಿಕ್ ತೆಗೆದು ಮೂಸುತ್ತೇನೆ. ಪೆಟ್ರೋಲ್ ವಾಸನೆ ಇದ್ದರೆ, ಆಯಿಲ್ ಮಟ್ಟ ಏರಿದ್ದರೆ, ಬದಲಿಸಿ ಎಷ್ಟು ಕಿಲೋಮೀಟರ್ ಆಗಿರಲಿ ಆಯಿಲ್, ಫಿಲ್ಟರ್ ಎರಡೂ ಹೊಸದು. ಕ್ಯಾಟ್ ತಣ್ಣಗಿರುವಾಗ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ, ಒಳಗೆ ಜಾಲರಿ ಒಡೆದಿದ್ದಲ್ಲಿ ಗಲಗಲ ಸದ್ದು ಬರುತ್ತದೆ. ಕರಗಿ ಕಟ್ಟಿಕೊಂಡಿದ್ದರೆ ಸದ್ದು ಬರುವುದಿಲ್ಲ, ಪಿಕಪ್ ಇರದು. ಅಂಥದ್ದಕ್ಕೆ ಮುಂದಿನ ಆಕ್ಸಿಜನ್ ಸೆನ್ಸರ್ ತೆಗೆದು ಆ ತೂತಿಗೆ ಪ್ರೆಶರ್ ಗೇಜ್ ಹಾಕುತ್ತೇನೆ. 2,500 ಆರ್‌ಪಿಎಂನಲ್ಲಿ 3 ಪಿಎಸ್‌ಐ ದಾಟಿದರೆ ದಾರಿ ಕಟ್ಟಿದೆ. ದಾರಿ ಸರಿಯಿದ್ದರೂ ಲೇಪನ ಸತ್ತಿರಬಹುದು: ಬಿಸಿ ಇಂಜಿನ್‌ನಲ್ಲಿ ಕ್ಯಾಟ್ ಆಚೆ ಇರುವ ಹಿಂದಿನ ಸೆನ್ಸರ್ ವೋಲ್ಟೇಜ್ ಸ್ಥಿರವಾಗಿ ನಿಲ್ಲದೆ ಸತತವಾಗಿ ಮೇಲೆ ಕೆಳಗೆ ಆಡುತ್ತಿದ್ದರೆ ಪಿ0420 (ಕ್ಯಾಟ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬ ಕೋಡ್) ಬರುವ ದಿನ ದೂರವಿಲ್ಲ.

ಹೊಸ ಕ್ಯಾಟ್ ಹಾಕಲೇಬೇಕಾದರೂ ಅದು ಕೊನೆಯ ಕೆಲಸ. ಮೊದಲು ಕಾರನ್ನು ಏರಿನಲ್ಲಿ, ಎಸಿ ಹಾಕಿ, ಮೇಲಿನ ಗೇರ್‌ನಲ್ಲಿ ಎಳೆಸಿ, ಸ್ಕ್ಯಾನರ್‌ನಲ್ಲಿ ಪ್ರತಿ ಸಿಲಿಂಡರ್‌ನ ಮಿಸ್‌ಫೈರ್ ಎಣಿಕೆ ಸೊನ್ನೆಯಲ್ಲೇ ನಿಲ್ಲುತ್ತದೆಯೇ ನೋಡಬೇಕು. ಐಡಲ್‌ನಲ್ಲಿ ಚೆನ್ನಾಗಿರುವ ಎಷ್ಟೋ ಕಾಯಿಲ್‌ಗಳು ಭಾರ ಬಿದ್ದಾಗ ಮಾತ್ರ ಕೈಕೊಡುತ್ತವೆ.