ಬೆರಳು ಕೊಯ್ದುಕೊಂಡಿರಾ? ಹತ್ತು ನಿಮಿಷ ಒತ್ತಿ ಹಿಡಿಯಿರಿ

ಈಳಿಗೆಮಣೆಯಲ್ಲಿ ಸೌತೆಕಾಯಿ ಹೆಚ್ಚುತ್ತಾ ಹೆಬ್ಬೆರಳು ಕೊಯ್ದುಕೊಂಡಿರಿ ಅಂತಿಟ್ಟುಕೊಳ್ಳಿ. ರಕ್ತ ನೋಡಿ ಗಾಬರಿಯಾಗುತ್ತೆ, ಅಲ್ವಾ? ಆದರೆ ಇಂಥ ಸಣ್ಣ ಗಾಯದಲ್ಲಿ ಭಯಪಡಬೇಕಾದದ್ದು ಒಳಗೆ ಹೊಕ್ಕ ಬ್ಯಾಕ್ಟೀರಿಯಾಗಳಿಗೆ.

ಮೊದಲು ನಲ್ಲಿ ಬಿಟ್ಟು ಸೋಪು ಹಾಕಿ ತೊಳೆಯಿರಿ. ಆಮೇಲೆ ಶುಭ್ರ ಬಟ್ಟೆ ಇಟ್ಟು 10 ನಿಮಿಷ ಬಿಗಿಯಾಗಿ ಒತ್ತಿ. ನಿಂತಿತಾ ಅಂತ ಆಗಾಗ ಎತ್ತಿ ನೋಡಬೇಡಿ, ಆಗಷ್ಟೇ ಕಟ್ಟುತ್ತಿರುವ ಹೆಪ್ಪು ಕಿತ್ತು ಬರುತ್ತೆ.

ಆ ಹೊತ್ತಿನಲ್ಲಿ ಒಳಗೆ ಏನಾಗುತ್ತೆ ಗೊತ್ತಾ? ರಕ್ತನಾಳದ ಹೊರಗಿನ ಜೀವಕೋಶಗಳ ಮೇಲೆ ಒಂದು ಪ್ರೋಟೀನ್ ಇದೆ. ನಾಳ ಹರಿದು ರಕ್ತ ಅದಕ್ಕೆ ತಾಗಿದ್ದೇ ತಡ, ಹೆಪ್ಪುಗಟ್ಟುವ ಕೆಲಸ ಶುರು. ರಕ್ತದಲ್ಲಿರುವ ಪ್ಲೇಟ್‌ಲೆಟ್ ಎಂಬ ಪುಟ್ಟ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಅವುಗಳ ನಡುವೆ ಫೈಬ್ರಿನ್ ಎಂಬ ನೂಲು ಹೆಣೆದುಕೊಂಡು ಬಲೆಯಾಗುತ್ತೆ, ಆ ಬಲೆ ರಕ್ತ ನಿಲ್ಲಿಸುವುದಷ್ಟೇ ಅಲ್ಲ, ಒಳಗೆ ಬಂದ ಬ್ಯಾಕ್ಟೀರಿಯಾಗಳನ್ನೂ ಅಲ್ಲೇ ಸಿಕ್ಕಿಸಿ ದೇಹಕ್ಕೆಲ್ಲ ಹರಡದಂತೆ ತಡೆಯುತ್ತೆ.

ಚರ್ಮದಲ್ಲಿ ಮೊದಲೇ ಬೀಡುಬಿಟ್ಟ ಕಾವಲುಗಾರರೂ ಇದ್ದಾರೆ. ಮ್ಯಾಕ್ರೋಫೇಜ್‌ಗಳು ಬ್ಯಾಕ್ಟೀರಿಯಾ ನುಂಗುತ್ತಾ ಸಹಾಯಕ್ಕೆ ಕೂಗುತ್ತವೆ. ಮಾಸ್ಟ್ ಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕ ಸುರಿಸಿ ನಾಳಗಳನ್ನು ಹಿಗ್ಗಿಸುತ್ತವೆ. ಗಾಯದ ಸುತ್ತ ಕೆಂಪಾಗಿ, ಬಿಸಿಯಾಗಿ ಊದುವುದು ಇದರಿಂದಲೇ. ಆ ದಾರಿಯಲ್ಲಿ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ನುಗ್ಗುತ್ತವೆ. ಕೆಲವು ತಮ್ಮ ಡಿಎನ್‌ಎಯನ್ನೇ ಬಲೆಯಂತೆ ಬೀಸಿ ಬ್ಯಾಕ್ಟೀರಿಯಾ ಹಿಡಿಯುತ್ತವೆ. ವಿಜ್ಞಾನಿಗಳು ಇದನ್ನು ವರದಿ ಮಾಡಿದ್ದು 2004ರಲ್ಲಿ, ಅಂದರೆ ಮೊನ್ನೆ ಮೊನ್ನೆ! ಕೀವಿನಲ್ಲಿ ಹೆಚ್ಚಿನ ಪಾಲು ಹೀಗೆ ಹೋರಾಡಿ ಸತ್ತ ಕೋಶಗಳೇ.

ಬ್ಯಾಕ್ಟೀರಿಯಾ ಸುಮ್ನೆ ಕೂರಲ್ಲ. ಕೆಲವು ಸ್ಟ್ರೆಪ್ಟೊಕಾಕಸ್‌ಗಳು ಸ್ಟ್ರೆಪ್ಟೊಕೈನೇಸ್ ಎಂಬ ಪ್ರೋಟೀನ್ ಬಿಟ್ಟು ಫೈಬ್ರಿನ್ ಬಲೆ ಕರಗುವಂತೆ ಮಾಡುತ್ತವೆ. ಹೃದಯಾಘಾತವಾದವರ ರಕ್ತನಾಳದ ಹೆಪ್ಪು ಕರಗಿಸಲು ವೈದ್ಯರು ಕೊಡುವ ಸ್ಟ್ರೆಪ್ಟೊಕೈನೇಸ್ ಇದೇ! ಸ್ಟ್ಯಾಫಿಲೊಕಾಕಸ್ ಆರಿಯಸ್‌ನದು ಉಲ್ಟಾ ಉಪಾಯ, ತನ್ನ ಸುತ್ತಲೇ ಹೆಪ್ಪು ಕಟ್ಟಿಸಿಕೊಂಡು ಕಾವಲುಗಾರರಿಂದ ಅಡಗುತ್ತೆ.

ಒಳಗೆ ಇಷ್ಟೆಲ್ಲ ಹೋರಾಟ ನಡೆದಿರುವಾಗ ಹೊರಗಿನಿಂದ ಇನ್ನಷ್ಟು ಕೊಳೆ ಸೇರಿಸುವುದು ಬೇಡ, ಅದಕ್ಕೇ ಗಾಯಕ್ಕೆ ಕಾಫಿ ಪುಡಿ ಮೆತ್ತಬೇಡಿ. ಚಿಕ್ಕವಳಿದ್ದಾಗ ನನ್ನ ಮೊಣಕಾಲಿಗೆ ಮನೆಯಲ್ಲಿ ಹಾಗೇ ಮೆತ್ತಿದ್ದರು, ಮಾರನೆಯ ದಿನ ನರ್ಸ್ ಒಂದೊಂದೇ ಕಣ ತೊಳೆದು ತೆಗೆಯುವಾಗ ಪಟ್ಟ ನೋವು ಈಗಲೂ ನೆನಪಿದೆ. ತೊಳೆದ ಗಾಯಕ್ಕೆ ಚೊಕ್ಕ ಪಟ್ಟಿ ಸಾಕು. ಹಕ್ಕಳೆ ಕಟ್ಟಿದ ಮೇಲೆ ಕೆರೆದು ಕೀಳಬೇಡಿ, ಅದರಡಿಯಲ್ಲಿ ಹೊಸ ಚರ್ಮ ಬೆಳೆಯುತ್ತಿರುತ್ತೆ.

ಒತ್ತಿದರೂ ರಕ್ತ ನಿಲ್ಲದಿದ್ದರೆ, ಕೆಂಪು ದಿನದಿಂದ ದಿನಕ್ಕೆ ಹಬ್ಬುತ್ತಿದ್ದರೆ, ಕೈಯುದ್ದಕ್ಕೂ ಕೆಂಪು ಗೆರೆ ಎದ್ದರೆ, ಜ್ವರ ಬಂದರೆ ಕೂಡಲೇ ಡಾಕ್ಟರ ಹತ್ತಿರ ಹೋಗಿ. ಸಕ್ಕರೆ ಕಾಯಿಲೆ ಇದ್ದವರು ಅಷ್ಟರ ತನಕವೂ ಕಾಯಬೇಡಿ. ಮಣ್ಣು ಮೆತ್ತಿದ ಗಾಯವಾಗಿ, ಧನುರ್ವಾಯು ತಡೆಯುವ ಇಂಜೆಕ್ಷನ್ (ಟಿಟಿ ಅಥವಾ ಟಿಡಿ) ತೆಗೆದುಕೊಂಡು 5 ವರ್ಷ ದಾಟಿದ್ದರೆ ಅದನ್ನೂ ಹಾಕಿಸಿಕೊಳ್ಳಿ.